ಮುದ್ರೆಯೂ ನಡತೆಯೂ

ಕನ್ನಡದಲ್ಲಿ ‘ನಡತೆ’ ಎಂಬುದು ಬಹಳ ಅರ್ಥವತ್ತಾದ ಮಾತು. ಅದರ ಬೇರು ‘ನಡೆ’ ಎಂಬ ಕ್ರಿಯೆಯಲ್ಲಿದೆ. ಮನುಷ್ಯನ ಶೀಲವನ್ನು ಹೆಸರಿಸಬೇಕಾಗಿ ಬಂದಾಗ ನಮ್ಮ ಹಿರಿಯರು ಅವನು ಕುಳಿತ ಆಸನವನ್ನು ನೋಡಲಿಲ್ಲ, ಉಟ್ಟ ಬಟ್ಟೆಯನ್ನು ನೋಡಲಿಲ್ಲ. ಅವನು ದಿನವೂ ಹೇಗೆ ನಡೆಯುತ್ತಾನೆ ಎಂಬುದನ್ನು ನೋಡಿದರು. ಐರೋಪ್ಯ ಭಾಷೆಗಳಲ್ಲಿ ಇದೇ ಅರ್ಥಕ್ಕೆ ಸಲ್ಲುವ ‘ಕ್ಯಾರೆಕ್ಟರ್’ ಎಂಬ ಶಬ್ದದ ಹುಟ್ಟು ಬೇರೊಂದು ಬಗೆಯದು. ಗ್ರೀಕರಲ್ಲಿ ಅದಕ್ಕೆ ಕೊರೆದ ಗುರುತು, ನಾಣ್ಯದ ಮೇಲೆ ಒತ್ತಿದ ಮುದ್ರೆ ಎಂದು ಅರ್ಥ. ಕ್ರೈಸ್ತ ಧರ್ಮಶಾಸ್ತ್ರದಲ್ಲಿ, ವಿಶೇಷವಾಗಿ ಕಥೋಲಿಕ ಪರಂಪರೆಯಲ್ಲಿ, ಈ ಶಬ್ದಕ್ಕೆ ಒಂದು ಪಾರಿಭಾಷಿಕ ಅರ್ಥವೂ ಬಂದಿದೆ: ಜ್ಞಾನಸ್ನಾನವು ಆತ್ಮದ ಮೇಲೆ ಎಂದೂ ಅಳಿಯದ ಮುದ್ರೆಯೊಂದನ್ನು ಒತ್ತುತ್ತದೆ, ಆದುದರಿಂದಲೇ ಆ ಸಂಸ್ಕಾರ ಜೀವಮಾನದಲ್ಲಿ ಒಂದೇ ಸಲ.

ಮುದ್ರೆ ಒಂದು ದಿನದ್ದು, ನಡತೆ ದಿನದಿನದ್ದು. ಈ ಎರಡರ ನಡುವಣ ಅಂತರದಲ್ಲಿ ಕ್ರೈಸ್ತ ಬದುಕಿನ ಸಮಸ್ತ ಹೊಣೆಯೂ ಅಡಗಿದೆಯೆಂದು ನನ್ನ ನಂಬಿಕೆ. ತೊಟ್ಟಿಲ ಮಗುವಾಗಿದ್ದಾಗ ತಲೆಯ ಮೇಲೆ ಬಿದ್ದ ನೀರು ನಮಗೆ ಹೆಸರನ್ನು ಕೊಟ್ಟಿತು. ಆ ಹೆಸರಿಗೆ ತಕ್ಕ ಮನುಷ್ಯರಾಗುವ ಕೆಲಸ ಉಳಿದೇ ಇದೆ. ಅದು ರವಿವಾರದ ಒಂದು ಗಂಟೆಯಲ್ಲಿ ಮುಗಿಯತಕ್ಕ ಕೆಲಸವಲ್ಲ. ಉಳಿದ ಆರು ದಿನಗಳ ಅಂಗಳದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಪಾಠಶಾಲೆಯಲ್ಲಿ ಆಗಬೇಕಾದ ಕೆಲಸ. ಇದು ಎಲ್ಲರೂ ಒಪ್ಪುವ ಮಾತೇ. ಒಪ್ಪಿದ ಮೇಲೆ ನಾವು ಅದನ್ನು ಮರೆತುಬಿಡುತ್ತೇವೆಂಬುದೇ ತೊಂದರೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಗಳನ್ನು ಸುತ್ತಿದವರಿಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇಲ್ಲಿಯ ಕ್ರೈಸ್ತರು ಒಂದೇ ಬಗೆಯವರಲ್ಲ. ಮನೆಯಲ್ಲಿ ಕೊಂಕಣಿಯಾಡುವ ಕಥೋಲಿಕರು ಹಿಂದಿನಿಂದಲೂ ಇದ್ದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಗೆ ಸೇರಿದ ಪ್ರೊಟೆಸ್ಟಂಟರೂ ಉಂಟು. ಕಳೆದ ಶತಮಾನದ ಮಧ್ಯಭಾಗದ ಸುಮಾರಿಗೆ ಕೇರಳದಿಂದ ಬಂದು, ಕಾಡಿನ ಅಂಚಿನಲ್ಲಿ ನೆಲ ಹಿಡಿದು, ರಬ್ಬರು ಕರಿಮೆಣಸು ಬೆಳೆದ ಮಲೆಯಾಳಿ ಸುರಿಯಾನಿ ಕುಟುಂಬಗಳು ಈ ನಾಡಿನ ಚಹರೆಯನ್ನೇ ಎಷ್ಟೋ ಬದಲಿಸಿದವು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಸೀರೋ ಮಲಬಾರ್ ಧರ್ಮಪ್ರಾಂತವೂ, 2010ರಲ್ಲಿ ಪುತ್ತೂರಿನಲ್ಲಿ ಸೀರೋ ಮಲಂಕರ ಧರ್ಮಪ್ರಾಂತವೂ ಸ್ಥಾಪಿತವಾದವು.

ಇಷ್ಟು ಬಗೆಯವರಿದ್ದರೂ ಇಲ್ಲಿ ಕ್ರೈಸ್ತರದೇ ಆದ ಪ್ರತ್ಯೇಕ ಊರೆಂಬುದು ಅಪರೂಪ. ಮನೆಗಳು ಅಡಿಕೆ ತೋಟಗಳ ನಡುವೆ ಚದರಿಕೊಂಡಿವೆ. ಒಬ್ಬನ ಬೇಲಿಯಾಚೆ ಗೌಡರ ಮನೆ, ತೋಡಿನ ಆಚೆ ದಡದಲ್ಲಿ ಹವ್ಯಕರ ತೋಟ, ದಾರಿ ತಿರುಗುವಲ್ಲಿ ಮುಸಲ್ಮಾನರ ಅಂಗಡಿ, ಗುಡ್ಡದ ಬದಿಯಲ್ಲಿ ಕೂಲಿಗೆ ಬರುವ ದಲಿತರ ಮನೆಗಳು. ಈ ನೆರೆಹೊರೆಯವರು ಬೈಬಲನ್ನು ಓದಿದವರಲ್ಲ, ಓದಬೇಕಾದ ಅಗತ್ಯವೂ ಅವರಿಗಿಲ್ಲ. ಅವರು ಓದುವುದು ಪಕ್ಕದ ಮನೆಯ ಕ್ರೈಸ್ತನ ನಡತೆಯನ್ನು. ಆ ಪುಸ್ತಕದಲ್ಲಿ ಎಷ್ಟು ಅಚ್ಚಿನ ತಪ್ಪುಗಳಿವೆ ಎಂಬುದು ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಕ್ರೈಸ್ತರ ಸದ್ಗುಣದ ಮಾತು ಬಂದಾಗ ಸಾಮಾನ್ಯವಾಗಿ ಜನ ಬೆರಳು ತೋರಿಸುವುದು ಸಂಸ್ಥೆಗಳ ಕಡೆಗೆ. ಅದು ನ್ಯಾಯವೂ ಹೌದು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಕನ್ನಡ ಪತ್ರಿಕೋದ್ಯಮದ ಇತಿಹಾಸ ಆರಂಭವಾಗುತ್ತದೆ. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ತಲೆಯೆತ್ತಿತು. 1958ರಲ್ಲಿ ಪುತ್ತೂರಿನಲ್ಲಿ ಮೊನ್ಸಿಜ್ಞೊರ್ ಆಂಟನಿ ಪತ್ರಾವೋ ಅವರು ಸಂತ ಫಿಲೋಮಿನಾ ಕಾಲೇಜನ್ನು ತೆರೆದಾಗ, ಮಂಗಳೂರಿಗೆ ಮಕ್ಕಳನ್ನು ಕಳುಹಿಸಲಾರದ ಎಷ್ಟೋ ಹಳ್ಳಿಯ ಮನೆಗಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆಯಿತು. ಆ ಬಾಗಿಲಿಂದ ಒಳಹೋದವರಲ್ಲಿ ಎಲ್ಲ ಜಾತಿ ಮತಗಳ ಮಕ್ಕಳೂ ಇದ್ದರು. ಇದು ಸಣ್ಣ ಸೇವೆಯಲ್ಲ.

ಆದರೆ ಈ ಕೀರ್ತಿಯಲ್ಲಿಯೇ ಒಂದು ಅಪಾಯವೂ ಅಡಗಿದೆ. ಸಂಸ್ಥೆಯ ಸೇವೆ ವ್ಯಕ್ತಿಯ ಶೀಲಕ್ಕೆ ಬದಲಾಗಿ ನಿಲ್ಲಲಾರದು. ನಮ್ಮವರು ಶಾಲೆ ಕಟ್ಟಿದ್ದಾರೆ, ನಮ್ಮವರು ಆಸ್ಪತ್ರೆ ನಡೆಸುತ್ತಿದ್ದಾರೆ ಎಂದು ಎದೆಯುಬ್ಬಿಸುವ ಗೃಹಸ್ಥನು ತನ್ನ ಮನೆಯ ಕೆಲಸದಾಕೆಗೆ ಕೊಡಬೇಕಾದ ಸಂಬಳವನ್ನು ಎರಡು ತಿಂಗಳು ಬಾಕಿಯಿರಿಸಿದ್ದರೆ, ಆ ಶಾಲೆಯ ಪುಣ್ಯದಲ್ಲಿ ಅವನಿಗೆ ಪಾಲು ಬಂದೀತೇ? ಸಮುದಾಯದ ಹೆಸರೆಂಬುದು ದೊಡ್ಡ ಮರದ ನೆರಳಿನಂತೆ. ತಂಪೇನೋ ಹೌದು, ಆದರೆ ನೆರಳಿನಲ್ಲಿ ನೆಟ್ಟ ಸಸಿ ಸೊರಗುತ್ತದೆಂಬುದನ್ನು ತೋಟದ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸತ್ಯವನ್ನು ಕನ್ನಡದ ಓದುಗರ ಮುಂದೆ ನಿಷ್ಠುರವಾಗಿ ಇಟ್ಟವರು, ಪುತ್ತೂರನ್ನು ದೀರ್ಘಕಾಲ ತಮ್ಮ ಕರ್ಮಭೂಮಿಯಾಗಿಸಿಕೊಂಡಿದ್ದ ಡಾ. ಶಿವರಾಮ ಕಾರಂತರು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯನ್ನು ನಾವು ಸಾಮಾನ್ಯವಾಗಿ ಅಸ್ಪೃಶ್ಯತೆಯ ಮೇಲಣ, ಜಮೀನ್ದಾರಿಕೆಯ ಮೇಲಣ ಕಾದಂಬರಿಯೆಂದು ಓದುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಕ್ರೈಸ್ತರ ಮುಂದೆ ಹಿಡಿದ ಕನ್ನಡಿಯೂ ಇದೆ. ಬೇಸಾಯ ಮಾಡಬೇಕೆಂಬ ಒಂದೇ ಆಸೆಯಿಂದ ಬೇಯುತ್ತಿರುವ ಚೋಮ, ಮತಾಂತರವಾದರೆ ಭೂಮಿ ಸಿಕ್ಕೀತೆಂಬ ಯೋಚನೆಯಿಂದ ಹೊರಡುತ್ತಾನೆ. ತನ್ನ ದೈವದ ನೆನಪು ಅಡ್ಡ ನಿಂತು ಮರಳುತ್ತಾನೆ. ಅದೇ ಕಥೆಯಲ್ಲಿ ಕಾಫಿ ತೋಟದ ಗುಮಾಸ್ತ ಮನ್ವೇಲ ಬರುತ್ತಾನೆ. ಅವನದು ಕ್ರೈಸ್ತ ಹೆಸರು. ಚೋಮನ ಮಗಳು ಬೆಳ್ಳಿಯ ಬದುಕಿನಲ್ಲಿ ಅವನು ವಹಿಸುವ ಪಾತ್ರವೆಂಥದೆಂಬುದನ್ನು ಓದಿದವರು ಬಲ್ಲರು.

ಕಾರಂತರು ಕ್ರೈಸ್ತರಿಗೆ ಅನ್ಯಾಯ ಮಾಡಿದರೆಂದು ಇಲ್ಲಿ ದೂರುವುದಕ್ಕೆ ಅವಕಾಶವಿಲ್ಲ. ಆ ಕಥೆಯಲ್ಲಿ ಮೇಲುಜಾತಿಯವರೂ ಧಣಿಗಳೂ ಅಷ್ಟೇ ನಿರ್ದಾಕ್ಷಿಣ್ಯವಾದ ಪರೀಕ್ಷೆಗೆ ಒಳಗಾಗಿದ್ದಾರೆ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಚೋಮನಂಥ ನೊಂದ ಮುದುಕನಿಗೆ ಕ್ರೈಸ್ತ ಮತವೆಂದರೆ ಭೂಮಿ ಸಿಗಬಹುದಾದ ಒಂದು ಸ್ಥಳವಾಗಿ ಮಾತ್ರ ಏಕೆ ಕಂಡಿತು? ಕ್ರಿಸ್ತನ ಪ್ರೀತಿಯನ್ನು ತನ್ನ ನಡತೆಯಿಂದ ಬಲ್ಲವನಾಗಿ ಮಾಡಬಲ್ಲ ಒಬ್ಬನೇ ಒಬ್ಬ ಕ್ರೈಸ್ತ ಅವನ ದಾರಿಯಲ್ಲಿ ಏಕೆ ಬರಲಿಲ್ಲ? ಮನ್ವೇಲನ ಹೆಸರಿನಲ್ಲಿ ಮುದ್ರೆ ಇತ್ತು; ಅವನ ಕಾಲುಗಳು ಬೇರೆ ದಾರಿ ಹಿಡಿದಿದ್ದವು. ಕಾದಂಬರಿ ಬಂದು ತೊಂಬತ್ತು ವರ್ಷಗಳ ಮೇಲಾದವು. ಪ್ರಶ್ನೆ ಹಳತಾಗಿಲ್ಲ.

ಹಾಗಾದರೆ ಈ ನಾಡಿನಲ್ಲಿ ಸದ್ಗುಣದ ಪರೀಕ್ಷೆ ನಡೆಯುವ ಸ್ಥಳಗಳು ಯಾವುವು? ನಾಲ್ಕನ್ನು ಇಲ್ಲಿ ಹೆಸರಿಸುತ್ತೇನೆ.

ಮೊದಲನೆಯದು ಅಡಿಕೆ ಮರದ ಬುಡ. ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಮೈಲುತುತ್ತಿನ ದ್ರಾವಣವನ್ನು ಗೊನೆಗೊನೆಗೆ ಸಿಂಪಡಿಸಬೇಕು. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಸಿಂಪಡಿಸಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆಯಾದರೂ, ಪಾಚಿ ಹಿಡಿದು ಜಾರುವ ಮರವನ್ನು ಏರಿ ಆ ಕೆಲಸ ಮಾಡುವವರು ಈಗಲೂ ಇದ್ದಾರೆ. ಅಂಥವನೊಬ್ಬ ಕೆಳಗೆ ಬಿದ್ದನೆಂದು ಊಹಿಸಿಕೊಳ್ಳೋಣ. ಬೆನ್ನುಮೂಳೆಗೆ ಪೆಟ್ಟು. ತೋಟದ ಯಜಮಾನ ಆಸ್ಪತ್ರೆಗೆ ಓಡುತ್ತಾನೆ, ಮೊದಲ ದಿನದ ಖರ್ಚು ಕೊಡುತ್ತಾನೆ, ಇಗರ್ಜಿಯಲ್ಲಿ ಅವನಿಗಾಗಿ ಪ್ರಾರ್ಥನೆಯನ್ನೂ ಹೇಳಿಸುತ್ತಾನೆ. ಇದು ಒಂದು ವಾರದ ಕರುಣೆ. ಆರು ತಿಂಗಳಾದ ಮೇಲೆ, ಆ ಮನೆಯ ಹೆಂಗಸು ಅಕ್ಕಿಗಾಗಿ ಸಾಲ ಕೇಳುತ್ತಿರುವಾಗ, ಊರು ಆ ಸುದ್ದಿಯನ್ನೇ ಮರೆತಿರುವಾಗ, ಯಜಮಾನನ ಕಾಲು ಆ ಮನೆಯ ದಾರಿ ಹಿಡಿಯುತ್ತದೆಯೇ? ಆ ಮೊದಲು, ಮರ ಏರಿಸುವಾಗಲೇ, ಅವನಿಗೊಂದು ವಿಮೆ ಮಾಡಿಸುವ ಯೋಚನೆ ಬಂದಿತ್ತೇ? ಕರುಣೆಯು ಒಂದು ಭಾವ. ನಿಷ್ಠೆಯು ಒಂದು ಗುಣ. ಭಾವ ಬಂದು ಹೋಗುತ್ತದೆ. ಗುಣ ಎದ್ದು ನಡೆಯುತ್ತದೆ.

ಎರಡನೆಯದು ತಕ್ಕಡಿ ಮತ್ತು ಬಟವಾಡೆ. ಅಂಗಳದಲ್ಲಿ ಒಣಗಿಸಿ, ಸುಲಿಸಿ, ಒಳ್ಳೆಯ ಚಾಲಿಯನ್ನು ಒಂದೆಡೆ, ಪಟೋರ ಕರಿಗೋಟುಗಳನ್ನು ಇನ್ನೊಂದೆಡೆ ವಿಂಗಡಿಸುವಾಗ, ಮೂಟೆಯ ಬಾಯಲ್ಲಿ ಒಳ್ಳೆಯದನ್ನಿಟ್ಟು ನಡುವೆ ಕಳಪೆಯನ್ನು ಸೇರಿಸುವ ಆಸೆ ಯಾರಿಗೂ ಬರಬಹುದು. ಕೊಳ್ಳುವವನಿಗೂ ತೂಕದಲ್ಲಿ ಸ್ವಲ್ಪ ಹಿಡಿಯುವ ಆಸೆ. ಇಲ್ಲಿ ಯಾವ ಧರ್ಮಗುರುವೂ ಪಕ್ಕದಲ್ಲಿ ನಿಂತಿರುವುದಿಲ್ಲ. ಕೂಲಿಯ ವಿಷಯವೂ ಹಾಗೆಯೇ. ಮೋಶೆಯ ಧರ್ಮಶಾಸ್ತ್ರವು ಬಡ ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ವಿಧಿಸಿದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರವು ಕೂಲಿಯನ್ನು ತಡೆಹಿಡಿದ ಧನಿಕರನ್ನು ಕಟುವಾಗಿ ಎಚ್ಚರಿಸುತ್ತದೆ. ಗಮನಿಸಬೇಕಾದುದೇನೆಂದರೆ, ಇದು ದಾನದ ಮಾತಲ್ಲ, ನ್ಯಾಯದ ಮಾತು. ನ್ಯಾಯವಾಗಿ ಸಲ್ಲಬೇಕಾದ ಕೂಲಿಯನ್ನು ಕಡಿಮೆ ಮಾಡಿ, ಕ್ರಿಸ್ಮಸ್ ಹಬ್ಬದ ದಿನ ಅದೇ ಕೂಲಿಯವನ ಮನೆಗೆ ಸಿಹಿತಿಂಡಿಯ ತಟ್ಟೆ ಕಳುಹಿಸುವುದು ಸದ್ಗುಣವಲ್ಲ.

1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಫಲವಾಗಿ ಸಿಂಹಳದಿಂದ ಮರಳಿದ ತಮಿಳು ಕಾರ್ಮಿಕ ಕುಟುಂಬಗಳಿಗೆ ಸುಳ್ಯ ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆ ದೊರೆಯಿತು. ತಲೆಮಾರುಗಳು ಕಳೆದರೂ ಅವರನ್ನು ಹೊರಗಿನವರೆಂದು ಕಾಣುವ ದೃಷ್ಟಿ ಪೂರ್ತಿಯಾಗಿ ಹೋಗಿಲ್ಲ. ಒಂದು ಕಾಲದಲ್ಲಿ ತಾವೂ ಗಂಟುಮೂಟೆ ಹೊತ್ತು ಘಟ್ಟದ ಬುಡಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳಾದರೂ ಈ ಜನರ ಕಷ್ಟವನ್ನು ಮೊದಲು ಅರಿಯಬೇಕಲ್ಲವೇ? ಪರದೇಶಿಯಾಗಿದ್ದ ದಿನಗಳ ನೆನಪು ಸದ್ಗುಣದ ಒಳ್ಳೆಯ ಗೊಬ್ಬರ.

ಮೂರನೆಯ ಪರೀಕ್ಷೆ ಗಡಿಕಲ್ಲಿನ ಬಳಿ. ಅಪ್ಪನ ಕಾಲದಲ್ಲಿ ಒಂದಾಗಿದ್ದ ಭೂಮಿ ಪಾಲಾಗಿದೆ. ಕುಮ್ಕಿಯ ಮೇಲೆ ಯಾರ ಹಕ್ಕು, ತೋಡಿಗೆ ಹಾಕಿದ ಕಟ್ಟದ ನೀರು ಯಾರ ತೋಟಕ್ಕೆ ಮೊದಲು, ದಾರಿ ಬಿಡಬೇಕಾದವರು ಯಾರು, ಹೀಗೆ ಎದ್ದ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರುತ್ತದೆ. ಒಂದೇ ಇಗರ್ಜಿಯ ಒಂದೇ ಬೆಂಚಿನಲ್ಲಿ ಬಾಲ್ಯ ಕಳೆದ ಅಣ್ಣತಮ್ಮಂದಿರು ಈಗ ಎರಡು ಬದಿಗಳಲ್ಲಿ ಕುಳಿತು ಒಂದೇ ಬಲಿಪೂಜೆಯಲ್ಲಿ ಪಾಲುಗೊಳ್ಳುತ್ತಾರೆ. ಕಾಣಿಕೆಯನ್ನು ತಂದವನು ತನ್ನ ಸೋದರನ ಮುನಿಸನ್ನು ನೆನೆದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ರಾಜಿಯಾಗಿ ಬರಬೇಕೆಂದು ಯೇಸುವು ಗಿರಿಪ್ರಸಂಗದಲ್ಲಿ ಬೋಧಿಸಿದ್ದನ್ನು ಇಬ್ಬರೂ ಬಲ್ಲರು. ಎಷ್ಟೋ ಸಲ ಕೇಳಿದ್ದಾರೆ. ಅದನ್ನು ಅಕ್ಷರಶಃ ನಡೆಸಿದರೆ ಎಷ್ಟು ರವಿವಾರ ಎಷ್ಟು ಬೆಂಚುಗಳು ಖಾಲಿಯಾಗಿ, ತೋಟದ ದಾರಿಗಳು ಜನರಿಂದ ತುಂಬಿಯಾವು! ಆ ಖಾಲಿ ಬೆಂಚುಗಳನ್ನು ಕಂಡು ದೇವರು ಸಂತೋಷಪಟ್ಟಾನೆಂದು ಹೇಳಲು ನನಗೆ ಸಂಕೋಚವಿಲ್ಲ.

ನಾಲ್ಕನೆಯದು ನಾಲಗೆ. ನಮ್ಮ ಕಾಲದಲ್ಲಿ ನಾಲಗೆ ಬೆರಳ ತುದಿಗೆ ಇಳಿದಿದೆ. ಎಲ್ಲಿಂದಲೋ ಬಂದ, ಯಾವನೋ ಹೆಸರಿಲ್ಲದವನು ಬರೆದ ಅಪವಾದವೊಂದನ್ನು ವಾಟ್ಸಾಪಿನಲ್ಲಿ ಇನ್ನೈವತ್ತು ಮಂದಿಗೆ ದಾಟಿಸಲು ಅರೆ ಕ್ಷಣ ಸಾಕು. ಮತಮತಗಳ ನಡುವೆ ಸಂಶಯ ಬಿತ್ತುವ ಸುದ್ದಿಗಳಿಗೆ ಕರಾವಳಿ ಜಿಲ್ಲೆ ಸಾಕಷ್ಟು ಬೆಲೆ ತೆತ್ತಿದೆ. ಇಲ್ಲಿ ಮೌನವೂ ಒಂದು ಸದ್ಗುಣ. ತನ್ನ ಮತದವರ ಪರವಾಗಿದ್ದರೂ ಸುಳ್ಳನ್ನು ಮುಂದೆ ಸಾಗಿಸದೆ ತನ್ನಲ್ಲಿಯೇ ನಿಲ್ಲಿಸುವವನು, ಯಾರ ಕಣ್ಣಿಗೂ ಬೀಳದೆ ಒಂದು ಊರನ್ನು ಕಾಯುತ್ತಾನೆ. ಅವನಿಗೆ ಯಾವ ಸಭೆಯಲ್ಲಿಯೂ ಸನ್ಮಾನ ನಡೆಯುವುದಿಲ್ಲ. ನಡೆಯದೆ ಇರುವುದೇ ಒಳ್ಳೆಯದು.

ಪರೀಕ್ಷೆಗಳ ಮಾತು ಸಾಕು. ಸದ್ಗುಣ ಬೆಳೆಯುವುದು ಹೇಗೆ? ಸಂತ ಪೌಲನು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪ್ರೀತಿ, ಶಾಂತಿ, ಸೈರಣೆ, ದಯೆ, ಸಂಯಮ ಮೊದಲಾದ ಒಂಬತ್ತು ಗುಣಗಳನ್ನು ಎಣಿಸಿ, ಅವನ್ನು ಫಲವೆಂದು ಕರೆದಿದ್ದಾನೆ. ಕರ್ಮವೆನ್ನಲಿಲ್ಲ, ಆಭರಣವೆನ್ನಲಿಲ್ಲ. ಆಭರಣವನ್ನು ಒಂದು ಗಳಿಗೆಯಲ್ಲಿ ತೊಡಬಹುದು, ಬಿಚ್ಚಿಯೂ ಇಡಬಹುದು. ಫಲ ಹಾಗಲ್ಲ. ಅಡಿಕೆಯ ಸಸಿ ನೆಟ್ಟವನು ಐದಾರು ವರ್ಷ ಕಾಯಬೇಕು. ರಬ್ಬರಿನ ಗಿಡಕ್ಕೆ ಕತ್ತಿ ತಾಗಿಸಬೇಕಾದರೆ ಸುಮಾರು ಏಳು ವರ್ಷ. ಈ ಕಾಲದಲ್ಲಿ ಬೆಳೆಗಾರ ಪ್ರತಿದಿನ ಗಿಡವನ್ನೆಳೆದು ಉದ್ದ ಮಾಡುವುದಿಲ್ಲ. ನೀರು ಹಾಕುತ್ತಾನೆ, ಕಳೆ ಕೀಳುತ್ತಾನೆ, ಬೇಲಿ ಕಟ್ಟುತ್ತಾನೆ, ರಾತ್ರಿ ಮಲಗುತ್ತಾನೆ. ಬೆಳೆಯುವ ಶಕ್ತಿ ಅವನದಲ್ಲ. ಬೆಳೆಯಲು ಬಿಡುವ ಶ್ರಮ ಅವನದು. ಕೃಪೆಗೂ ಪ್ರಯತ್ನಕ್ಕೂ ಇರುವ ಸಂಬಂಧವನ್ನು ಕುರಿತು ಪಂಡಿತರು ಶತಮಾನಗಳಿಂದ ವಾದಿಸಿದ್ದಾರೆ. ಪುತ್ತೂರು ಸೀಮೆಯ ಒಬ್ಬ ಸಾಮಾನ್ಯ ಕೃಷಿಕ ಆ ಸಂಬಂಧವನ್ನು ತನ್ನ ತೋಟದಲ್ಲಿಯೇ ಕಂಡಿದ್ದಾನೆ.

ಕಳೆ ಕೀಳುವ ಕೆಲಸಕ್ಕೆ ಕ್ರೈಸ್ತ ಪರಂಪರೆಯಲ್ಲಿ ಒಂದು ಹಳೆಯ ಪದ್ಧತಿಯಿದೆ. ಹದಿನಾರನೆಯ ಶತಮಾನದ ಸಂತ ಇಗ್ನೇಷಿಯಸನು ತನ್ನ ಅನುಯಾಯಿಗಳಿಗೆ ಪ್ರತಿದಿನದ ಆತ್ಮಪರೀಕ್ಷೆಯನ್ನು ಕಡ್ಡಾಯವಾಗಿ ಹೇಳಿಕೊಟ್ಟನು. ಮಲಗುವ ಮೊದಲು ಐದೇ ನಿಮಿಷ: ಈ ದಿನ ಯಾರಿಗೆ ಕೃತಜ್ಞನಾಗಿರಬೇಕು, ಯಾರಿಗೆ ನೋವು ಕೊಟ್ಟೆ, ನಾಳೆ ಸರಿಪಡಿಸಬೇಕಾದ ಒಂದು ಸಂಗತಿ ಯಾವುದು. ದಿನದ ಜಮಾಖರ್ಚನ್ನು ಬರೆದಿಡುವ ವ್ಯಾಪಾರಿಗೆ ಇದು ಕಷ್ಟವೆನಿಸಬಾರದು. ಸಾಯಂಕಾಲದ ಜಪಸರ ಇನ್ನೂ ನಡೆಯುವ ಮನೆಗಳಲ್ಲಿ, ಜಪ ಮುಗಿದೊಡನೆ ಮಕ್ಕಳು ಹಿರಿಯರಿಗೆ ಕೈಮುಗಿದು ಆಶೀರ್ವಾದ ಪಡೆಯುವ ವಾಡಿಕೆಯಿದೆ. ಆ ಹೊತ್ತಿನಲ್ಲಿ ಹಿರಿಯನೊಬ್ಬನು, ‘ಇಂದು ಬೆಳಿಗ್ಗೆ ನಿನ್ನ ಮೇಲೆ ಸಿಟ್ಟಾದದ್ದು ನನ್ನ ತಪ್ಪು’ ಎಂದು ಮಗುವಿಗೆ ಹೇಳಿದರೆ, ಆ ಒಂದು ವಾಕ್ಯ ಹತ್ತು ಧರ್ಮಬೋಧನೆಗಳ ಕೆಲಸ ಮಾಡೀತು.

ಅಧ್ಯಾಪಕರು ಈ ಸಂಬಂಧದಲ್ಲಿ ರಬ್ಬರು ತೋಟದ ಟ್ಯಾಪರನಿಂದ ಕಲಿಯಬಹುದಾದ ಪಾಠವೊಂದಿದೆ. ಬೆಳಕು ಹರಿಯುವ ಮುನ್ನವೇ ತೋಟಕ್ಕೆ ಹೋಗುವ ಅವನು ತೊಗಟೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಸೀಳುತ್ತಾನೆ. ಗೀರು ಮೇಲುಮೇಲಾದರೆ ಹಾಲು ಬರುವುದಿಲ್ಲ. ಆಳವಾದರೆ ಮರಕ್ಕೆ ಗಾಯವಾಗಿ ಮುಂದಿನ ವರ್ಷಗಳ ಇಳುವರಿಯೇ ಕೆಡುತ್ತದೆ. ಮಕ್ಕಳನ್ನು ತಿದ್ದುವ ಮಾತೂ ಹಾಗೆಯೇ ಇರಬೇಕು. ನಮ್ಮ ಶಾಲೆಗಳಲ್ಲಿ ‘ಮೌಲ್ಯ ಶಿಕ್ಷಣ’ಕ್ಕೆ ತರಗತಿಯೂ ಉಂಟು, ಪುಸ್ತಕವೂ ಉಂಟು. ಪ್ರಾಮಾಣಿಕತೆಯನ್ನು ಕುರಿತ ಪ್ರಶ್ನೆಗೆ ಹತ್ತಕ್ಕೆ ಹತ್ತು ಅಂಕ ತೆಗೆದ ವಿದ್ಯಾರ್ಥಿ, ಪಕ್ಕದವನ ಉತ್ತರವನ್ನು ನೋಡಿ ಬರೆದಿರಲಾರನೆಂದು ಹೇಳಲಾದೀತೇ?

ಸದ್ಗುಣದ ನಿಧಾನ ಬೆಳವಣಿಗೆಗೆ ಕನ್ನಡದ ಓದುಗರು ಬಲ್ಲ ಎರಡು ಸಾಕ್ಷಿಗಳನ್ನು ಕೊಡಬಹುದು. ಒಬ್ಬರು ಫರ್ಡಿನಂಡ್ ಕಿಟ್ಟೆಲ್. 1853ರಲ್ಲಿ ಈ ದೇಶಕ್ಕೆ ಬಂದ ಅವರ ನಿಘಂಟು ಬೆಳಕು ಕಂಡದ್ದು 1894ರಲ್ಲಿ. ಸುಮಾರು 70,000 ಶಬ್ದಗಳನ್ನು ಒಂದೊಂದಾಗಿ ಕೂಡಿಸಿದ ಆ ಗ್ರಂಥವನ್ನು ನಾವು ಪಾಂಡಿತ್ಯದ ಸಾಧನೆಯೆಂದು ಹೊಗಳುತ್ತೇವೆ. ಅದು ಸೈರಣೆಯ ಸಾಧನೆಯೂ ಹೌದು. ಇನ್ನೊಬ್ಬರ ಭಾಷೆಯ ಮುಂದೆ ದಶಕಗಳ ಕಾಲ ವಿದ್ಯಾರ್ಥಿಯಾಗಿ ಕುಳಿತ ವಿನಯದ ಸಾಧನೆ. ಇನ್ನೊಬ್ಬರು ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಸಭೆಯ ಪಾದ್ರಿಗಳಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತನ್ನ ನಂಬಿಕೆಯನ್ನು ಬಿಡದೆಯೇ ಪರರ ಸಂಪತ್ತನ್ನು ಪ್ರೀತಿಯಿಂದ ಕಾಪಾಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಸದ್ಗುಣವೆಂಬುದು ಕ್ರೈಸ್ತರ ಗುತ್ತಿಗೆಯ ಸೊತ್ತೆಂದು ಭಾವಿಸಿದರೆ ಅದಕ್ಕಿಂತ ದೊಡ್ಡ ಪ್ರಮಾದವಿಲ್ಲ. ಕಡಬ ತಾಲೂಕಿನ ಕೊೖಲ ಮೊದಲಾದ ಕಡೆಗಳ ಎಂಡೋಸಲ್ಫಾನ್ ಪೀಡಿತರ ಮನೆಗಳನ್ನು ನೆನೆಯೋಣ. ಸರಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಆಕಾಶದಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಏಳಲಾರದ, ಮಾತಾಡಲಾರದ ಮಕ್ಕಳು ಹುಟ್ಟಿಯಾಗಿತ್ತು. ಆ ಮಕ್ಕಳು ಇಂದು ಯುವಕ ಯುವತಿಯರು. ಅವರ ತಾಯಂದಿರು ಇಪ್ಪತ್ತು ಮೂವತ್ತು ವರ್ಷಗಳಿಂದ ದಿನವೂ ಬಾಯಿಗೆ ತುತ್ತಿಟ್ಟು, ಮೈ ತೊಳೆದು, ಮಗ್ಗುಲು ಬದಲಿಸುತ್ತಾರೆ. ‘ನಾನು ಸತ್ತ ಮೇಲೆ ಇವನಿಗೆ ಯಾರು?’ ಎಂಬ ಒಂದು ಪ್ರಶ್ನೆಯೊಡನೆ ರಾತ್ರಿ ಮಲಗುತ್ತಾರೆ. ಪೌಲನು ಎಣಿಸಿದ ಆ ಗುಣಗಳನ್ನು ಒಂದೆಡೆ ಕಾಣಬೇಕಾದವನು ಈ ಮನೆಗಳ ಹೊಸ್ತಿಲಲ್ಲಿ ನಿಲ್ಲಬೇಕು. ಆ ತಾಯಂದಿರಲ್ಲಿ ಹೆಚ್ಚಿನವರು ಪೌಲನ ಹೆಸರನ್ನೇ ಕೇಳಿದವರಲ್ಲ.

ಇದನ್ನು ಕಂಡು ಕ್ರೈಸ್ತನು ಬೆಚ್ಚಬೇಕಾಗಿಲ್ಲ. ಅವನ ಗುರುವೇ ಇದನ್ನು ಮುಂದಾಗಿ ಹೇಳಿದ್ದಾನೆ. ನೆರೆಯವನೆಂದರೆ ಯಾರೆಂದು ಒಬ್ಬ ಶಾಸ್ತ್ರಜ್ಞನು ಕೇಳಿದಾಗ ಯೇಸುವು ಹೇಳಿದ ಸಾಮ್ಯದಲ್ಲಿ, ಗಾಯಗೊಂಡು ಬಿದ್ದವನನ್ನು ಕಂಡೂ ಕಾಣದಂತೆ ದಾಟಿದವರು ದೇವಾಲಯದ ಸೇವಕರು. ನಿಂತು ಎತ್ತಿದವನು ಅವರೆಲ್ಲರೂ ತಿರಸ್ಕರಿಸುತ್ತಿದ್ದ ಸಮಾರ್ಯದವನು. ಅಂದರೆ ಕ್ರೈಸ್ತ ಸದ್ಗುಣದ ಆದರ್ಶ ಕಥೆಯ ನಾಯಕನೇ ಹೊರಗಿನವನು! ಇದರ ಅರ್ಥವನ್ನು ಮಂಜೇಶ್ವರದ ಗೋವಿಂದ ಪೈಗಳು (1883–1963) ಬೇರೊಂದು ದಿಕ್ಕಿನಿಂದ ತೋರಿಸಿದರು. ಕ್ರೈಸ್ತರಲ್ಲದ ಅವರು ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಬರೆದರು. ನೆರೆಯವರ ಪವಿತ್ರ ದುಃಖವನ್ನು ತಮ್ಮದಾಗಿಸಿಕೊಂಡ ಆ ಔದಾರ್ಯಕ್ಕೆ ಪ್ರತಿಯಾಗಿ ಕ್ರೈಸ್ತರು ಎಷ್ಟನ್ನು ಸಲ್ಲಿಸಿದ್ದಾರೆ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಒಳ್ಳೆಯತನ ಎಲ್ಲರಲ್ಲಿಯೂ ಇರುವುದಾದರೆ ‘ಕ್ರೈಸ್ತ’ ಸದ್ಗುಣವೆಂದು ಬೇರೆಯಾಗಿ ಹೇಳುವುದೇಕೆ? ಮನುಷ್ಯನು ಒಳ್ಳೆಯವನಾದರೆ ಸಾಲದೇ? ಸಾಕು, ಧಾರಾಳವಾಗಿ ಸಾಕು. ಆದರೆ ಪ್ರತಿಯೊಬ್ಬನೂ ತನಗೆ ದೊರೆತ ಬೆಳಕಿನಲ್ಲಿ ನಡೆಯಬೇಕಾದವನು. ಕ್ರೈಸ್ತನಿಗೆ ದೊರೆತ ಬೆಳಕಿನ ವಿಶೇಷವೆಂದರೆ ಕ್ಷಮೆ. ಶತ್ರುವನ್ನೂ ಪ್ರೀತಿಸಬೇಕೆಂಬ, ಸುಲಭವಾಗಿ ನುಂಗಲಾಗದ ಆಜ್ಞೆ ಒಂದು ಕಡೆ. ಎಷ್ಟು ಸಲ ಬಿದ್ದರೂ ಎದ್ದು ಮತ್ತೆ ಹೊರಡಬಹುದೆಂಬ ಭರವಸೆ ಇನ್ನೊಂದು ಕಡೆ. ನಡೆಯುವವನು ಎಡವುತ್ತಾನೆ. ಮುದ್ರೆ ಅಳಿಯದೆಂಬ ಮಾತಿನ ನಿಜವಾದ ಅರ್ಥ ಇದೇ ಇರಬೇಕು: ಹೆಮ್ಮೆಪಡುವುದಕ್ಕಲ್ಲ, ಬಿದ್ದವನು ಮರಳಿ ಏಳುವುದಕ್ಕೆ.

ಸೆಪ್ಟೆಂಬರ್ 8ರಂದು ಈ ಸೀಮೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಮೊಂತಿ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಬೆರೆಸಿದ ಪಾನೀಯವನ್ನು ಹಂಚಿಕೊಂಡ ಮೇಲೆಯೇ ಊಟ. ಈಗ ಗದ್ದೆಗಳು ತೋಟಗಳಾಗಿವೆ. ಎಷ್ಟೋ ಮನೆಗಳಲ್ಲಿ ತೆನೆ ತಮ್ಮ ಹೊಲದ್ದಲ್ಲ; ಇನ್ನೂ ಬೇಸಾಯ ಬಿಡದ ಯಾರದೋ ಗದ್ದೆಯಿಂದ, ಅನೇಕ ವೇಳೆ ಬೇರೆ ಮತದವರ ಗದ್ದೆಯಿಂದ ಬಂದದ್ದು. ಹಬ್ಬದ ತೆನೆಯೇ ನೆರೆಯವರ ಋಣವಾಗಿರುವಾಗ, ಕ್ರೈಸ್ತರಾದ ನಾವು ಆ ಋಣವನ್ನು ತೀರಿಸುವ ಬಗೆ ಯಾವುದು?

ಹಬ್ಬದ ಒಂಬತ್ತು ದಿನಗಳ ಹೂವು ಬಾಡುತ್ತದೆ. ಒಂಬತ್ತು ಗುಣಗಳ ಫಲ ಬಾಡಬೇಕಾಗಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಅಂಗಳಕ್ಕೆ ಕೂಲಿಯವನು ಬರುತ್ತಾನೆ, ಬೇಲಿಯಾಚೆ ನೆರೆಯವನು ಕೆಮ್ಮುತ್ತಾನೆ, ಮಾತು ಬಿಟ್ಟ ತಮ್ಮನು ಅದೇ ದಾರಿಯಲ್ಲಿ ಹಾದುಹೋಗುತ್ತಾನೆ. ಅವನನ್ನು ಹೆಸರು ಹಿಡಿದು ಕರೆಯುವುದರಿಂದ ಆರಂಭಿಸಬಹುದು.